ವಿಶ್ವ ವಿವಿ ಕ್ರೀಡಾಕೂಟ: ಪದವಿ ಮುಗಿದ ಮೇಲೂ ಓಡಬಹುದೇ?

ಪ್ರಶ್ನೆ: ಕಳೆದ ವರ್ಷ ಪದವಿ ಮುಗಿಸಿ ಈಗ ಎಲ್ಲೂ ಓದದಿರುವ 400 ಮೀ. ಓಟಗಾರ್ತಿಗೆ ಅವಕಾಶ ಇದೆಯೇ? ಮೊದಲೇ ಏನೇನು ನೋಡಿಕೊಳ್ಳಬೇಕು?

ಉತ್ತರ 1: ಇದೆ. ಕೂಟದ ಹಿಂದಿನ ವರ್ಷ ಪದವಿ ಪಡೆದವರನ್ನೂ ಈ ಕೂಟ ನಡೆಸುವ ಅಂತರರಾಷ್ಟ್ರೀಯ ವಿವಿ ಕ್ರೀಡಾ ಒಕ್ಕೂಟ ಫಿಸು ಒಪ್ಪುತ್ತದೆ. ವಯಸ್ಸು 18ರಿಂದ 25. ಜರ್ಮನಿಯ ರೈನ್-ರೂರ್‌ನಲ್ಲಿ ನಡೆದ 2025ರ ಕೂಟಕ್ಕೆ 2000ದಿಂದ 2007ರೊಳಗೆ ಹುಟ್ಟಿದವರು ಅರ್ಹರಾಗಿದ್ದರು. ಹೆಸರನ್ನು ನೀವೇ ಕಳಿಸಲಾಗದು, ದೇಶದ ವಿವಿ ಕ್ರೀಡಾ ಸಂಸ್ಥೆಯೇ ಕಳಿಸಬೇಕು. ಪಾಸ್‌ಪೋರ್ಟ್‌ನಲ್ಲೂ ಪದವಿ ಪತ್ರದಲ್ಲೂ ಹೆಸರಿನ ಕಾಗುಣಿತ ಒಂದೇ ಇದೆಯೇ ಎಂದು ಇವತ್ತೇ ನೋಡಿ. ತಿದ್ದುಪಡಿಗೆ ವಾರಗಟ್ಟಲೆ ಹಿಡಿಯುತ್ತದೆ.

ಉತ್ತರ 2: ಕಾಗದಪತ್ರಕ್ಕಿಂತ ನನಗೆ ಹೆಚ್ಚು ಭಯ ನೆಗಡಿ ಮಾತ್ರೆಯದು. ಹಲವು ಮಾತ್ರೆಗಳಲ್ಲಿ ಕಟ್ಟಿದ ಮೂಗು ಬಿಡಿಸುವ ಸೂಡೋಎಫೆಡ್ರಿನ್ ಎಂಬ ಔಷಧಿ ಇರುತ್ತದೆ. ಮೂತ್ರದಲ್ಲಿ ಅದು ಮಿಲಿಲೀಟರಿಗೆ 150 ಮೈಕ್ರೋಗ್ರಾಂ ದಾಟಿದರೆ ಉದ್ದೀಪನ ಮದ್ದು ತಡೆ ನಿಯಮದಂತೆ ಸ್ಪರ್ಧೆಯ ವೇಳೆ ನಿಷಿದ್ಧ. ಸ್ಪರ್ಧೆಯ ಅವಧಿ ಶುರುವಾಗುವುದು ಹಿಂದಿನ ರಾತ್ರಿ 11:59ಕ್ಕೇ, ಬೆಳಿಗ್ಗೆ ಅಲ್ಲ. ಆದ್ದರಿಂದ ಆ ಅವಧಿಗೆ ಕನಿಷ್ಠ 24 ಗಂಟೆ ಮೊದಲೇ ಮಾತ್ರೆ ನಿಲ್ಲಿಸಿ. ನಿಷೇಧಿತ ಪಟ್ಟಿಯ ಔಷಧಿ ಕಾಯಂ ಬೇಕಿದ್ದರೆ ವೈದ್ಯಕೀಯ ವಿನಾಯಿತಿಗೆ 30 ದಿನ ಮುಂಚೆ ಅರ್ಜಿ ಹಾಕಿ. ಪ್ರೋಟೀನ್ ಪುಡಿಯನ್ನಂತೂ ನಂಬಲೇಬೇಡಿ. ಲೇಬಲ್‌ನಲ್ಲಿಲ್ಲದ್ದು ಬೆರೆತಿದ್ದರೂ ಹೊಣೆ ಓಟಗಾರ್ತಿಯದೇ.

ಉತ್ತರ 3: ಕೂಟ ಬೇರೆ ದೇಶದಲ್ಲಿದ್ದರೆ, ದೇಹ ಅಲ್ಲಿಗೆ ಹೊಂದಿಕೊಳ್ಳಲು ಒಂದು ಗಂಟೆಯ ಸಮಯ ವ್ಯತ್ಯಾಸಕ್ಕೆ ಹೆಚ್ಚುಕಡಿಮೆ ಒಂದು ದಿನ ಎಂದು ಲೆಕ್ಕಹಾಕಿ ಮೊದಲೇ ತಲುಪಿ. ಸ್ಪೈಕ್ಸ್ (ಮೊಳೆಯಿರುವ ಓಟದ ಬೂಟು) ವಿಮಾನದಲ್ಲಿ ಕೈಚೀಲದಲ್ಲಿಡಿ, ಮೊಳೆ ಮಾತ್ರ ಬಿಚ್ಚಿ ಚೆಕ್-ಇನ್ ಲಗೇಜಿಗೆ ಹಾಕಿ.