ಮೇಲ್ಮೈ ನೀರು ಎಂದರೆ ಯಾವ ನೀರು?

ಎಲ್ಲರಿಗೂ ನಮಸ್ಕಾರ.

ಕಲ್ಲಿದ್ದಲು ಗಣಿಯ ಸುತ್ತಮುತ್ತಲಿನ ನೀರನ್ನು ಅಳೆದು, ಪರೀಕ್ಷಿಸಿ, ದಾಖಲಿಸುವವರಿಗೆಂದು ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಕರಡನ್ನು ಓದಿದ ಗೆಳೆಯರೊಬ್ಬರು ಮೊದಲ ಪುಟದಲ್ಲೇ ನನ್ನನ್ನು ತಡೆದು ನಿಲ್ಲಿಸಿದರು. ‘ತಿಂಗಳಿಗೊಮ್ಮೆ ಮೇಲ್ಮೈ ನೀರಿನ ಮಾದರಿ ಸಂಗ್ರಹಿಸಬೇಕು’ ಎಂದು ಬರೆದಿದ್ದೆ. ಹೊಂಡದ ನೀರನ್ನು ಮೇಲೆ ಮೇಲೆ ಕೆನೆ ತೆಗೆದಂತೆ ತೆಗೆದುಕೊಳ್ಳಬೇಕು ಎಂದು ಅವರು ತಿಳಿದಿದ್ದರು. ತಪ್ಪು ಅವರದಲ್ಲ. ಇಲ್ಲಿ ಹೇಳಬೇಕಾದದ್ದು ನೆಲದ ಮೇಲ್ಮೈ, ಅಂದರೆ ಹಳ್ಳ, ಹೊಳೆ, ಕೆರೆ, ಹೊಂಡಗಳಲ್ಲಿರುವ ನೀರು. ಪದ ಹೇಳುವುದು ನೀರಿನ ಮೇಲ್ಮೈ. ಮಾದರಿ ತೆಗೆಯುವ ಕ್ರಮವಂತೂ ಅವರು ತಿಳಿದದ್ದಕ್ಕೆ ನೇರ ವಿರುದ್ಧ. ತೇಲುವ ಕಸ, ಎಣ್ಣೆಯ ಪೊರೆ ಸೇರದಂತೆ ಬಾಟಲಿಯನ್ನು ನೀರಿನೊಳಗೆ ಅದ್ದಿ, ಅದರ ಬಾಯನ್ನು ಹರಿವಿಗೆ ಎದುರಾಗಿ ಹಿಡಿದು ತುಂಬಿಸಬೇಕು.

‘ಭೂಮೇಲ್ಮೈ ಜಲ’ ಎಂದರೆ ಅರ್ಥ ಸರಿಹೋಗುತ್ತದೆ, ಆದರೆ ಬಾಯಿಗೆ ಹತ್ತುವುದಿಲ್ಲ. ‘ನೆಲದ ಮೇಲಿನ ನೀರು’ ಎಂದು ಬಿಡಿಸಿ ಬರೆಯುವುದೇ ಲೇಸೆಂದು ನನಗೆ ತೋರುತ್ತದೆ. ಜೊತೆಯಲ್ಲಿ ‘ಅಂತರ್ಜಲ’ ಹೇಗೂ ಎಲ್ಲರಿಗೂ ಗೊತ್ತಿರುವ ಪದ. ಒಂದು ಅಚ್ಚಗನ್ನಡ, ಇನ್ನೊಂದು ಸಂಸ್ಕೃತ ಎಂಬ ಅಸಮತೆ ನಿಮ್ಮ ಕಣ್ಣಿಗೆ ಚುಚ್ಚುತ್ತದೆಯೇ?

ತೊಡಕು ಇಷ್ಟಕ್ಕೇ ಮುಗಿಯುವುದಿಲ್ಲ. ಗಣಿಯಲ್ಲಿ ಒಂದೇ ನೀರು ಹೆಸರು ಬದಲಿಸುತ್ತಾ ಹೋಗುತ್ತದೆ. ಬಂಡೆಯ ಬಿರುಕಿನಲ್ಲಿದ್ದಾಗ ಅಂತರ್ಜಲ. ಗಣಿಯೊಳಗೆ ಜಿನುಗಿದರೆ ಗಣಿನೀರು. ಪಂಪು ಅದನ್ನು ಎತ್ತಿ, ಮಣ್ಣು ತಳಕ್ಕೆ ಕೂರುವ ಹೊಂಡಕ್ಕೆ ಹಾಯಿಸಿ, ಅಲ್ಲಿಂದ ಹಳ್ಳಕ್ಕೆ ಬಿಟ್ಟರೆ ನೆಲದ ಮೇಲಿನ ನೀರು. ಗಣಿಯ ತಳದಲ್ಲಿ ಈ ನೀರು ಬಂದು ಸೇರುವ ಗುಂಡಿಯನ್ನು ‘ಸಂಪು’ ಎನ್ನಬಹುದೇ? ಮೂಲ ಪದ ಅದೇ. ಆದರೆ ಕನ್ನಡದಲ್ಲಿ ಸಂಪು ಎಂದರೆ ಬಳಕೆಗೆಂದು ನೀರು ತುಂಬಿಡುವ ನೆಲದೊಳಗಿನ ತೊಟ್ಟಿ. ಗಣಿಯಲ್ಲಿ ಅದು ಬೇಡವಾದ ನೀರು ಸೇರುವ ಜಾಗ. ‘ತಗ್ಗುಗುಂಡಿ’ ಎಂದು ಬರೆದಿದ್ದೇನೆ, ಸಮಾಧಾನವಿಲ್ಲ.

ಇನ್ನು ಇಡೀ ಕೆಲಸದ ಹೆಸರು, ಇಂಗ್ಲಿಷಿನ ‘ಮಾನಿಟರಿಂಗ್’. ‘ಉಸ್ತುವಾರಿ’ ಎಂದರೆ ಹೊಣೆ ಹೊತ್ತು ನಡೆಸುವುದು. ಅಂತರ್ಜಲದ ಉಸ್ತುವಾರಿ ಎಂದರೆ ಯಾರೋ ಅದನ್ನು ಹಂಚುತ್ತಿದ್ದಾರೆ ಎನಿಸುತ್ತದೆ. ‘ಮೇಲ್ವಿಚಾರಣೆ’ ಕೆಲಸಗಾರರ ಮೇಲಿನದು. ‘ಕಣ್ಗಾವಲು’ ಕಳ್ಳರಿಗೆ ಸರಿ. ‘ತಪಾಸಣೆ’, ‘ಪರೀಕ್ಷೆ’ ಒಮ್ಮೆ ಮಾಡಿ ಮುಗಿಸುವಂಥವು. ಇಲ್ಲಿನ ಕೆಲಸದ ತಿರುಳೇ ಬೇರೆ: ಗಣಿ ಆರಂಭವಾಗುವ ಮೊದಲೇ ಅಳೆಯಲು ತೊಡಗಿ, ಅದೇ ಜಾಗದಲ್ಲಿ, ಅದೇ ವಿಧಾನದಲ್ಲಿ ಮತ್ತೆ ಮತ್ತೆ ಅಳೆದು, ಹಿಂದಿನ ಅಳತೆಯೊಡನೆ ಹೋಲಿಸುವುದು. ಪಾರಸಿಯಿಂದ ಬಂದ ‘ನಿಗಾ’ ಇದಕ್ಕೆ ಹತ್ತಿರ. ಅಂತರ್ಜಲವನ್ನು ಹೀಗೆ ಅಳೆಯಲೆಂದೇ ಇರುವ ಬಾವಿಯನ್ನು ‘ನಿಗಾ ಬಾವಿ’ ಎಂದರೆ ನಗು ಬರುತ್ತದೆಯೇ? ನನಗೆ ಮೊದಲು ಬಂತು, ಹತ್ತು ಸಲ ಬರೆದ ಮೇಲೆ ಹೋಯಿತು.

‘ಮಾದರಿ’ಯದು ಇನ್ನೊಂದು ರಗಳೆ. ‘ಅಂತರ್ಜಲ ಮಾದರಿ’ ಎಂದರೆ ಬಾಟಲಿಯಲ್ಲಿರುವ ನೀರೋ, ನೀರು ಹೇಗೆ ಹರಿಯುತ್ತದೆ ಎಂದು ಕಂಪ್ಯೂಟರ್‌ನಲ್ಲಿ ಕಟ್ಟಿದ ಲೆಕ್ಕಾಚಾರವೋ? ಕೈಪಿಡಿಯಲ್ಲಿ ಎರಡೂ ಬರುತ್ತವೆ. ‘ನಮೂನೆ’ಗೆ ಓಡಿಹೋಗೋಣವೆಂದರೆ ಅದನ್ನು ಕಚೇರಿಗಳು ಅರ್ಜಿಯ ಹಾಳೆಗೆ ಹಿಡಿದಿಟ್ಟುಕೊಂಡಿವೆ. ಸದ್ಯಕ್ಕೆ ಬಾಟಲಿಯದನ್ನು ಮಾದರಿ, ಲೆಕ್ಕಾಚಾರದ್ದನ್ನು ‘ಪ್ರತಿರೂಪ’ ಎಂದು ಇಟ್ಟುಕೊಂಡಿದ್ದೇನೆ.

ಎಲ್ಲಕ್ಕಿಂತ ಅಪಾಯಕಾರಿ ಎನಿಸಿದ್ದು ‘ನೀರಿನ ಮಟ್ಟ’. ‘ಮಟ್ಟ 12 ಮೀಟರ್ ಇದ್ದದ್ದು 15 ಮೀಟರ್ ಆಯಿತು’ ಎಂದು ಓದಿದವರು ನೀರು ಏರಿತು ಎಂದೇ ತಿಳಿಯುತ್ತಾರೆ. ಆದರೆ ಬಾವಿಯ ಕೊಳವೆಯ ಬಾಯಲ್ಲಿ ಗುರುತು ಮಾಡಿದ ಜಾಗದಿಂದ ಕೆಳಕ್ಕೆ ಅಳೆದ ಲೆಕ್ಕ ಅದಾಗಿದ್ದರೆ, ನೀರು 3 ಮೀಟರ್ ಇಳಿದಿದೆ. ಆದ್ದರಿಂದ ಅಂಥ ಕಡೆಯಲ್ಲೆಲ್ಲ ‘ನೀರು ಸಿಗುವ ಆಳ’ ಎಂದು ತಿದ್ದಿದ್ದೇನೆ. ‘ಮಟ್ಟ’ವನ್ನು ಸಮುದ್ರಮಟ್ಟದಿಂದ ಮೇಲಕ್ಕೆ ಎಣಿಸುವಾಗ ಮಾತ್ರ ಬಳಸಿದ್ದೇನೆ. ಇದರ ನೆರೆಯಲ್ಲೇ ‘ಕುಸಿತ’. ಪತ್ರಿಕೆಗಳಲ್ಲಿ ಅಂತರ್ಜಲವೂ ಕುಸಿಯುತ್ತದೆ, ನೆಲವೂ ಕುಸಿಯುತ್ತದೆ. ಸುರಂಗದ ಗಣಿಯಲ್ಲಿ ಕಲ್ಲಿದ್ದಲು ತೆಗೆದ ಜಾಗದ ಚಾವಣಿ ಬಿದ್ದು ಮೇಲಿನ ನೆಲ ತಗ್ಗುವುದು ಉಂಟು. ಅದರಿಂದ ಬಂಡೆ ಬಿರುಕುಬಿಟ್ಟು ನೀರೂ ಕೆಳಗಿಳಿಯಬಹುದು. ಒಂದೇ ವಾಕ್ಯದಲ್ಲಿ ಎರಡು ಕುಸಿತ ಬಂದರೆ ಕಾರಣ ಯಾವುದು, ಪರಿಣಾಮ ಯಾವುದು ತಿಳಿಯದು. ನೆಲಕ್ಕೆ ‘ಕುಸಿತ’, ನೀರಿಗೆ ‘ಇಳಿತ’ ಎಂದು ಪಾಲು ಮಾಡಿದ್ದೇನೆ. ಗಣಿ ಮುಚ್ಚಿ ಪಂಪು ನಿಲ್ಲಿಸಿದ ಮೇಲೆ ನೀರು ಮೆಲ್ಲಗೆ ಮೇಲೇರುವುದಕ್ಕೆ ಮಾತ್ರ ಪದ ಸಿಕ್ಕಿಲ್ಲ. ‘ಮರುಪೂರಣ’ ಎನ್ನುವಂತಿಲ್ಲ, ಅದು ಮಳೆನೀರು ಇಂಗಿಸುವ ಕೆಲಸಕ್ಕೆ ಅಂಟಿಕೊಂಡಿದೆ. ‘ಮರುಏರಿಕೆ’ ನಡೆದೀತೇ?

ಒಂದು ಕಡೆ ಮಾತ್ರ ಕನ್ನಡ ಕೇಳದೆಯೇ ಕೊಟ್ಟಿತು. ಕಲ್ಲಿದ್ದಲಿನ ಜೊತೆಗಿರುವ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜಕ್ಕೆ ಗಾಳಿ, ನೀರು ತಾಗಿದರೆ ಗಂಧಕಾಮ್ಲ ಹುಟ್ಟುತ್ತದೆ, ಕಬ್ಬಿಣ ಕರಗಿ ಹರಿದು ಹಳ್ಳದ ತಳದಲ್ಲಿ ಕಿತ್ತಳೆ ಬಣ್ಣದ ರಾಡಿಯಾಗಿ ಕೂರುತ್ತದೆ. ಹೀಗೆ ಗಣಿಯಿಂದ ಹೊರಬೀಳುವ ನೀರಿಗೆ ‘ಆಮ್ಲ ಬಸಿನೀರು’ ಎಂದಿದ್ದೇನೆ. ಜಿನುಗುವುದು ಬಿರುಕಿನಿಂದ, ಒಸರುವುದು ಗೋಡೆಯಿಂದ, ಬಸಿಯುವುದು ರಾಶಿಯಿಂದ: ನಾವು ಹೀಗೆ ಬೇರೆ ಮಾಡಿ ಹೇಳಬಲ್ಲೆವು. ಸುತ್ತ ಸುಣ್ಣಕಲ್ಲಿದ್ದರೆ ಆಮ್ಲ ಅಲ್ಲೇ ತಣಿದು, ನೀರಿನ ಪಿಎಚ್ (ಆಮ್ಲತೆಯ ಅಳತೆ, 7 ಎಂದರೆ ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ) 7ರ ಆಸುಪಾಸಿನಲ್ಲಿದ್ದರೂ ಆ ಆಮ್ಲದಿಂದ ಬಂದ ಸಲ್ಫೇಟ್ ಹೆಚ್ಚಾಗಿಯೇ ಉಳಿಯಬಹುದು. ಅಂಥ ನೀರನ್ನು ಬರಿಯ ‘ಗಣಿ ಬಸಿನೀರು’ ಎಂದು ಕರೆದಿದ್ದೇನೆ, ಆಮ್ಲವೆಂಬ ಹೆಸರು ನೋಡಿ ಪಿಎಚ್ ಒಂದನ್ನೇ ಅಳೆದು ಯಾರೂ ಮನೆಗೆ ಹೋಗದಿರಲೆಂದು.

ಕರಡು ಇನ್ನೂ ನನ್ನ ಕೈಯಲ್ಲೇ ಇದೆ. ಯಾರೂ ತಡೆಯದಿದ್ದರೆ ‘ಮೇಲ್ಮೈ ನೀರು’ ಇದ್ದಲ್ಲೆಲ್ಲ ‘ನೆಲದ ಮೇಲಿನ ನೀರು’ ಹಾಕುತ್ತೇನೆ. ‘ತಗ್ಗುಗುಂಡಿ’ಗೆ ಬದಲು ಯಾರಾದರೂ ಕೊಟ್ಟರೆ ಮೊದಲು ಅದನ್ನೇ ತಿದ್ದುತ್ತೇನೆ.