55 ಸಾವಿರದೊಳಗೆ ಗೇಮಿಂಗ್ ಕಂಪ್ಯೂಟರ್: ಅಂಗಡಿಯವರು ಹೇಳಿದ ಐ7 ತೆಗೆದುಕೊಳ್ಳಬಹುದೇ?

ಶಿವಮೊಗ್ಗದ ಅಣ್ಣ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಈ ವರ್ಷ ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಸೇರಿದ್ದಾನೆ. ಓದಿಗೂ ಆಟಕ್ಕೂ ಒದಗುವ ಕಂಪ್ಯೂಟರ್ ಜೋಡಿಸಿಕೊಡುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದೇನೆ. 1080ಪಿ ಮಾನಿಟರ್ ಮನೆಯಲ್ಲೇ ಇದೆ. ಉಳಿದದ್ದಕ್ಕೆಲ್ಲ ಸೇರಿ 55,000 ರೂಪಾಯಿ ಮೀರುವಂತಿಲ್ಲ. ಅವನು ಹೆಚ್ಚಾಗಿ ಆಡುವುದು ವ್ಯಾಲರೆಂಟ್ ಮತ್ತು ಜಿಟಿಎ 5. 3ಡಿ ಚಿತ್ರ ರಚಿಸುವ ತಂತ್ರಾಂಶವಾದ ಬ್ಲೆಂಡರ್ ಕಲಿಯುವ ಆಸೆಯೂ ಇದೆ.

ಇಲ್ಲಿನ ಅಂಗಡಿಯೊಂದರಲ್ಲಿ ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, 500 ವ್ಯಾಟ್ ಎಸ್‌ಎಂಪಿಎಸ್ (ಎಲ್ಲ ಭಾಗಗಳಿಗೂ ವಿದ್ಯುತ್ ಒದಗಿಸುವ ಘಟಕ) ಮತ್ತು ಬಣ್ಣದ ದೀಪಗಳ ಕ್ಯಾಬಿನೆಟ್ ಎಲ್ಲವನ್ನೂ 32,000 ರೂಪಾಯಿಗೆ ಕೊಡುತ್ತೇವೆ ಎಂದರು. ಮಾದರಿ ಸಂಖ್ಯೆ ಬರೆದುಕೊಡಿ ಎಂದು ಕೇಳಿದಾಗ ಐ7-3770, ಎಚ್61 ಮದರ್‌ಬೋರ್ಡ್, ಜಿಟಿ 730 ಗ್ರಾಫಿಕ್ಸ್ ಕಾರ್ಡ್ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ನಾನೇ ಹುಡುಕಿ ಮಾಡಿಕೊಂಡ ಪಟ್ಟಿಯಲ್ಲಿ ಐ3-12100ಎಫ್ ಪ್ರೊಸೆಸರ್ ಮತ್ತು ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್ ಇವೆ. ಐ7 ಬಿಟ್ಟು, ಹೆಚ್ಚು ಹಣ ಕೊಟ್ಟು ಐ3 ತರುವುದು ಸರಿಯೇ ಎಂಬುದು ನನ್ನ ಗೊಂದಲ.

ಎಸ್‌ಪಿ ರೋಡ್ ಗೆಳೆಯ

ನೀವು ಮಾದರಿ ಸಂಖ್ಯೆ ಬರೆಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಐ7-3770 ಬಂದದ್ದು 2012ರಲ್ಲಿ. ಅದರಲ್ಲಿ 4 ಕೋರ್ (ಲೆಕ್ಕ ಮಾಡುವ ಘಟಕ), 8 ಥ್ರೆಡ್ (ಒಟ್ಟಿಗೆ ನಡೆಸಬಲ್ಲ ಕೆಲಸದ ಎಳೆ) ಇವೆ. 2022ರ ಐ3-12100ಎಫ್‌ನಲ್ಲಿಯೂ ಅಷ್ಟೇ ಇವೆ. ಆದರೆ ಹತ್ತು ವರ್ಷಗಳಲ್ಲಿ ಒಂದೊಂದು ಕೋರ್ ಮಾಡುವ ಕೆಲಸವೇ ಎಷ್ಟೋ ಹೆಚ್ಚಿರುವುದರಿಂದ, ಹೆಸರಿಗೆ ಚಿಕ್ಕದಾದ ಐ3 ಆಟದಲ್ಲಿ ಆ ಐ7 ಅನ್ನು ಬಹಳ ಹಿಂದೆ ಹಾಕುತ್ತದೆ. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ವಿಂಡೋಸ್ 11ರಲ್ಲಿ ವ್ಯಾಲರೆಂಟ್ ತೆರೆಯಬೇಕಾದರೆ ಟಿಪಿಎಂ 2.0 (ಭದ್ರತೆಯ ಚಿಪ್) ಮತ್ತು ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಷ್ಟೇ ಕಂಪ್ಯೂಟರ್ ಶುರುವಾಗುವಂತೆ ಮಾಡುವ ವ್ಯವಸ್ಥೆ) ಎರಡೂ ಬೇಕು. ಆ ಹಳೆಯ ಪ್ರೊಸೆಸರ್ ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಯೇ ಇಲ್ಲ. ಇನ್ನು ಜಿಟಿ 730 ಎಂಬುದು 2014ರ ಕಾರ್ಡ್. ಅದರಲ್ಲಿ 4 ಜಿಬಿ ಇದ್ದರೂ ಅಷ್ಟನ್ನು ಬಳಸಿಕೊಳ್ಳುವ ಶಕ್ತಿ ಆ ಚಿಪ್‌ಗೆ ಇಲ್ಲ. ಮಾನಿಟರ್‌ನಲ್ಲಿ ಚಿತ್ರ ಮೂಡಿಸಲು ಸಾಕು, ಆಟಕ್ಕೆ ಸಾಲದು.

ನಿಮ್ಮ ಪಟ್ಟಿಯೇ ಸರಿಯಾದದ್ದು. ಆದರೂ ಬ್ಲೆಂಡರ್ ಕಲಿಯುವ ಹುಡುಗನೆಂದಮೇಲೆ, ಹಣ ಹೊಂದಿಕೆಯಾದರೆ 6 ಕೋರ್‌ಗಳ ಐ5-12400ಎಫ್ ಅಥವಾ ರೈಜನ್ 5 5600 ನೋಡಿ. ಆರ್‌ಎಕ್ಸ್ 6600 ಅನ್ನು ಮಾತ್ರ ಬಿಡಬೇಡಿ; 8 ಜಿಬಿ ಮೆಮೊರಿಯ ಈ ಕಾರ್ಡ್ 1080ಪಿ ಆಟಕ್ಕೆಂದೇ ಬಂದದ್ದು. ಬ್ಲೆಂಡರ್‌ನಲ್ಲಿ ರೆಂಡರ್ ಮಾಡಲು, ಅಂದರೆ ಕೊನೆಯ ಚಿತ್ರ ತಯಾರಿಸಲು, ಎನ್‌ವಿಡಿಯಾ ಕಾರ್ಡ್‌ಗಳು ಹೆಚ್ಚು ಅನುಕೂಲ ಎಂಬುದು ನಿಜ, ಆದರೆ ಅವರ ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 6 ಜಿಬಿ ಎರಡು ಕಾರ್ಡ್‌ಗಳು ಸಿಗುತ್ತವೆ, ಅವುಗಳಲ್ಲಿ 6 ಜಿಬಿಯದು ಮೆಮೊರಿಯಲ್ಲಷ್ಟೇ ಅಲ್ಲ, ಚಿಪ್‌ನ ಬಲದಲ್ಲೂ ಕಡಿಮೆಯದು. ಕಲಿಕೆಯ ಹಂತದಲ್ಲಿ ಆರ್‌ಎಕ್ಸ್ 6600 ಸಾಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹೊಸನಗರದವರು

ಪ್ರೊಸೆಸರ್ ವಿಚಾರ ಇತ್ಯರ್ಥವಾಯಿತು. ನಾನು ಎಸ್‌ಎಂಪಿಎಸ್ ಬಗ್ಗೆ ಹೇಳಲೇಬೇಕು, ಏಕೆಂದರೆ ಕಡಿಮೆ ಬೆಲೆಯದೊಂದನ್ನು ಹಾಕಿಸಿ, ಮಳೆಗಾಲದ ಒಂದು ಸಂಜೆ ಕರೆಂಟು ಹೋಗಿ ಬಂದಾಗ ಅದರ ಜೊತೆಗೆ ಮದರ್‌ಬೋರ್ಡನ್ನೂ ಕಳೆದುಕೊಂಡವನು ನಾನು. ಸುಟ್ಟ ವಾಸನೆ ಎರಡು ದಿನ ಕೋಣೆಯಲ್ಲೇ ಇತ್ತು.

ಡಬ್ಬದ ಮೇಲಿನ 500 ಎಂಬ ಸಂಖ್ಯೆಯನ್ನು ನಂಬಬೇಡಿ. ಪಕ್ಕದಲ್ಲಿ ಅಂಟಿಸಿರುವ ಚೀಟಿಯಲ್ಲಿ ‘+12 ವೋಲ್ಟ್’ ಎಂಬ ಕಲಮಿನ ಕೆಳಗೆ ಎಷ್ಟು ಆಂಪಿಯರ್ ಇದೆ ಎಂಬುದನ್ನು ಓದಿ, 12ರಿಂದ ಗುಣಿಸಿ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಮುಖ್ಯವಾಗಿ ಆ ಸಾಲಿನಿಂದಲೇ ವಿದ್ಯುತ್ ಪಡೆಯುತ್ತವೆ. ನನ್ನದರಲ್ಲಿ 18 ಆಂಪಿಯರ್ ಎಂದಿತ್ತು. ಅಂದರೆ 216 ವ್ಯಾಟ್ ಮಾತ್ರ. ಆರ್‌ಎಕ್ಸ್ 6600 ಒಂದೇ 132 ವ್ಯಾಟ್‌ವರೆಗೆ ಎಳೆಯುತ್ತದೆ; 12400ಎಫ್ ಪೂರ್ಣ ಭಾರದಲ್ಲಿ 117 ವ್ಯಾಟ್‌ವರೆಗೆ ಹೋಗಬಲ್ಲದು. ಎರಡೂ ಸೇರಿದರೆ ಲೆಕ್ಕ ಅಲ್ಲಿಗೇ ತಪ್ಪುತ್ತದೆ. 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿರುವ 550 ವ್ಯಾಟಿನದನ್ನು ತೆಗೆದುಕೊಳ್ಳಿ. ಬೇಕಾದರೆ ಬಣ್ಣದ ದೀಪಗಳ ಕ್ಯಾಬಿನೆಟ್ ಬಿಟ್ಟು, ಮುಂಭಾಗದಲ್ಲಿ ಜಾಲರಿ ಇರುವ ಸರಳವಾದದ್ದನ್ನು ಕೊಂಡು ಆ ಹಣವನ್ನು ಇಲ್ಲಿಗೆ ಹಾಕಿ.

ತಮ್ಮನ ಕೋಣೆಯಲ್ಲಿ ಅರ್ಥಿಂಗ್ ಇದೆಯೇ ಎಂದೂ ನೋಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆಂದರೆ ಸಾಮಾನ್ಯವಾಗಿ ಅರ್ಥಿಂಗ್ ಇಲ್ಲವೆಂದೇ ಅರ್ಥ.

ಮೈಸೂರಿನಿಂದ

ರ‍್ಯಾಮ್ 16 ಜಿಬಿಯ ಒಂದೇ ಸ್ಟಿಕ್ ತರದೆ, 8 ಜಿಬಿಯ ಎರಡು ತನ್ನಿ; ಡ್ಯುಯಲ್ ಚಾನೆಲ್‌ನಲ್ಲಿ, ಅಂದರೆ ಎರಡೂ ಸ್ಟಿಕ್ ಒಟ್ಟಿಗೆ ಕೆಲಸ ಮಾಡುವಾಗ, ಆಟಗಳು ಹೆಚ್ಚು ಸರಾಗವಾಗಿ ಓಡುತ್ತವೆ. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಎಂಬ ವೇಗದ ಆಯ್ಕೆಯನ್ನು ಆನ್ ಮಾಡದಿದ್ದರೆ 3200 ವೇಗದ ರ‍್ಯಾಮ್ ಎಷ್ಟೋ ಬೋರ್ಡ್‌ಗಳಲ್ಲಿ ಅದಕ್ಕಿಂತ ಕಡಿಮೆ ವೇಗದಲ್ಲೇ ಉಳಿದುಬಿಡುತ್ತದೆ. ಹೆಸರಿನ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರ್‌ಗೆ ಒಳಗಡೆ ಗ್ರಾಫಿಕ್ಸ್ ಇರುವುದಿಲ್ಲ, ಆದ್ದರಿಂದ ಮಾನಿಟರಿನ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಬೇಕು. ಬಿಲ್ಲಿನಲ್ಲಿ ಪ್ರತಿಯೊಂದು ಭಾಗದ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಿ. ವಾರಂಟಿ ಕೇಳುವಾಗ ಅದೇ ಆಧಾರ.

ಶಿವಮೊಗ್ಗದ ಅಣ್ಣ

ಎಲ್ಲರಿಗೂ ಮನಸಾರೆ ಧನ್ಯವಾದಗಳು. ಇಂದು ಬೇರೊಂದು ಅಂಗಡಿಗೆ ಹೋಗಿ 12400ಎಫ್, ಆರ್‌ಎಕ್ಸ್ 6600 ಮತ್ತು 8 ಜಿಬಿಯ ಎರಡು ಸ್ಟಿಕ್‌ಗಳಿಗೆ ಮುಂಗಡ ಕೊಟ್ಟು ಬಂದೆ. 1 ಟಿಬಿ ಬದಲು 500 ಜಿಬಿ ಎಸ್‌ಎಸ್‌ಡಿಗೆ ಇಳಿದದ್ದರಿಂದ ಲೆಕ್ಕ 55,000ದೊಳಗೇ ನಿಂತಿತು. ಎಸ್‌ಎಂಪಿಎಸ್ ಡಬ್ಬವನ್ನು ಅಲ್ಲಿಯೇ ತೆರೆಸಿ ಚೀಟಿ ಓದಿದೆ: 12 ವೋಲ್ಟ್, 38 ಆಂಪಿಯರ್. 456 ವ್ಯಾಟ್ ಆಗುತ್ತದೆ. ಭಾನುವಾರ ತಮ್ಮ ಊರಿಗೆ ಬರುತ್ತಾನೆ, ಇಬ್ಬರೂ ಕೂತು ಜೋಡಿಸುತ್ತೇವೆ.