ಫೆರೆಟ್ ಎಷ್ಟು ಅಲ್ಲಾಡಿಸಿದ್ರೂ ಏಳ್ಲಿಲ್ಲ, ಸತ್ತೇ ಹೋಯ್ತು ಅನ್ಕೊಂಡೆ. ಇದು ನಾರ್ಮಲ್ಲಾ?

ಲೀಡ್ಸ್_ಮುಂಗುಸಿ:
ನಾವಿರೋದು ಇಂಗ್ಲೆಂಡಲ್ಲಿ, ಲೀಡ್ಸ್ ಹತ್ರ. ಮನೇಲಿ ಎರಡು ಫೆರೆಟ್ ಇದಾವೆ, ಮುಂಗುಸಿ ಥರ ಉದ್ದ ಮೈಯ ಸಾಕುಪ್ರಾಣಿ (ಅಮ್ಮ ವಿಡಿಯೋ ಕಾಲಲ್ಲಿ ನೋಡ್ದಾಗೆಲ್ಲಾ ಮುಂಗುಸಿ ಯಾಕೋ ಸಾಕಿದೀಯ ಅಂತಾಳೆ). ಚಿನ್ನುಗೆ ಒಂದು ವರ್ಷ, ಗುಂಡನಿಗೆ ಐದು ತುಂಬಿದೆ. ನಿನ್ನೆ ಸಂಜೆ ಕೆಲಸದಿಂದ ಬಂದು ಚಿನ್ನುನ ಎತ್ಕೊಂಡ್ರೆ ಒದ್ದೆ ಟವೆಲ್ ಥರ ಜೋತು ಬಿದ್ದ, ತಲೆ ಒಂದ್ಕಡೆ ಕಾಲೊಂದ್ಕಡೆ, ಕರೆದೆ, ಅಲ್ಲಾಡಿಸ್ದೆ, ಕಿವಿ ಹತ್ರ ಚಪ್ಪಾಳೆ ತಟ್ದೆ, ಊಹೂಂ. ನನ್ನ ಹೆಂಡ್ತಿ ಅಳೋಕೇ ಶುರು ಮಾಡಿದ್ಲು. ಎರಡು ಮೂರು ನಿಮಿಷ ಆದ್ಮೇಲೆ ಉದ್ದಕ್ಕೆ ಒಂದು ಆಕಳಿಕೆ ತೆಗ್ದು, ಮೈ ನಡುಗಿಸ್ಕೊಂಡು, ಸೀದಾ ಊಟದ ಬಟ್ಟಲ ಕಡೆ ಓಡಿದ. ಗುಂಡ ಈ ಥರ ಯಾವತ್ತೂ ಹೆದರಿಸಿಲ್ಲ, ಅವನು ಪಾಪ, ಈಗೀಗ ಆಟ ಬಿಟ್ಟು ಗೋಡೆ ನೋಡ್ಕೊಂಡು ನಿಂತಿರ್ತಾನೆ, ಬಾಯಿ ಉಜ್ಕೊಂಡು ಜೊಲ್ಲು ಸುರಿಸ್ತಾನೆ, ಒಣದ್ರಾಕ್ಷಿ ಕೊಟ್ರೆ ಮತ್ತೆ ಚುರುಕು. ಚಿನ್ನುನ ಡಾಕ್ಟರಿಗೆ ತೋರಿಸ್ಬೇಕಾ?

ನಿದ್ದೆಗಣ್ಣ:
ಗಾಬರಿ ಬೇಡ ಗುರು, ಇದಕ್ಕೆ ಫೆರೆಟ್ ಸಾಕೋರು ಡೆಡ್ ಸ್ಲೀಪ್ ಅಂತಾನೇ ಹೆಸರಿಟ್ಟಿದಾರೆ. ದಿನಕ್ಕೆ 14ರಿಂದ 18 ಗಂಟೆ ಮಲಗೋ ಪ್ರಾಣಿ ಅದು, ಅದರಲ್ಲಿ ಕನಸು ಬೀಳೋ ನಿದ್ದೆನೂ ಜಾಸ್ತಿ, ಆಗ ಮೈಯೆಲ್ಲಾ ಸಡಿಲ ಬಿಟ್ಟಿರುತ್ತೆ. ಇನ್ನೊಂದ್ಸಲ ಹಿಂಗಾದ್ರೆ ಮೊದ್ಲು ಮೈ ಬೆಚ್ಚಗಿದ್ಯಾ ನೋಡಿ, ವಸಡು ಗುಲಾಬಿ ಬಣ್ಣ ಇರ್ಬೇಕು, ಎದೆ ಮೇಲೆ ಬೆರಳಿಟ್ರೆ ನಿಮಿಷಕ್ಕೆ 200ರ ಆಸುಪಾಸು ಬಡ್ಕೊಳ್ಳುತ್ತೆ, ಎಣಿಸೋಕಾಗಲ್ಲ ಬಿಡಿ. ಮೂಗಿನ ಹತ್ರ ಸಾಲ್ಮನ್ ಮೀನಿನ ಎಣ್ಣೆ ಹಿಡೀರಿ, ನಮ್ದು ಕಣ್ಣು ಬಿಡೋ ಮುಂಚೆನೇ ನಾಲಿಗೆ ಚಾಚುತ್ತೆ. ಎದ್ದ ತಕ್ಷಣ ನಡುಗೋದೂ ಮಾಮೂಲಿ.

ಬೇ_ಏರಿಯಾ_ಬಸ್ಯ:
ನಾನಿರೋ ಕ್ಯಾಲಿಫೋರ್ನಿಯಾದಲ್ಲಿ ಫೆರೆಟ್ ಸಾಕೋದೇ ಕಾನೂನು ಪ್ರಕಾರ ಇಲ್ಲ ಸ್ವಾಮಿ, ಹವಾಯಿಲೂ ಇಲ್ಲ. ನಿಮ್ಮದನ್ನ ನೋಡಿ ಹೊಟ್ಟೆ ಉರ್ಕೋತೀನಿ, ಫೋಟೋ ಹಾಕಿ.

ಮೂರು_ಫೆರೆಟ್_ಅಮ್ಮ:
ಎಲ್ರೂ ಚಿನ್ನು ಬಗ್ಗೆನೇ ಮಾತಾಡ್ತಿದೀರಲ್ಲ, ಗುಂಡನ ಬಗ್ಗೆ ಬರ್ದಿರೋದನ್ನ ಇನ್ನೊಂದ್ಸಲ ಓದಿ. ಐದು ವರ್ಷ, ಶೂನ್ಯ ನೋಟ, ಜೊಲ್ಲು, ಬಾಯಿ ಉಜ್ಜೋದು, ಸಿಹಿ ತಿಂದ್ರೆ ಚುರುಕು. ನಮ್ಮ ಹಳೇ ಹುಡುಗಿಗೆ ಇದೇ ಆಗಿತ್ತು, ಇನ್ಸುಲಿನೋಮಾ, ಅಂದ್ರೆ ಮೇದೋಜ್ಜೀರಕದಲ್ಲಿ ಗಡ್ಡೆ ಆಗಿ ಇನ್ಸುಲಿನ್ ಬೇಕಾಬಿಟ್ಟಿ ಸುರಿಯುತ್ತೆ, ರಕ್ತದ ಸಕ್ಕರೆ ಬಿದ್ದೋಗುತ್ತೆ. ಮೂರು ನಾಲ್ಕು ವರ್ಷ ದಾಟಿದ ಫೆರೆಟ್‌ಗಳಲ್ಲಿ ಇದು ತುಂಬಾ ಕಾಮನ್ನು. ನಿದ್ದೆಯಿಂದ ಎದ್ದ ಫೆರೆಟ್ ಐದು ನಿಮಿಷದಲ್ಲಿ ಮನೆ ತಲೆಕೆಳಗೆ ಮಾಡುತ್ತೆ, ಸಕ್ಕರೆ ಬಿದ್ದಿದ್ದು ಎದ್ರೂ ಮಂಕಾಗಿರುತ್ತೆ, ಹಿಂಗಾಲು ಎಳೀತಿರುತ್ತೆ. ಒಣದ್ರಾಕ್ಷಿ ಇವತ್ತೇ ನಿಲ್ಸಿ, ಸಿಹಿ ಕೊಟ್ಟಷ್ಟೂ ಇನ್ಸುಲಿನ್ ಇನ್ನೂ ಏರಿ ಆಮೇಲೆ ಸಕ್ಕರೆ ಮತ್ತೂ ಕೆಳಗೆ ಹೋಗುತ್ತೆ. ಹೊತ್ತೊತ್ತಿಗೆ ಮಾಂಸದ ಊಟ ಕೊಡಿ, ಹಸಿದಿರೋಕೆ ಬಿಡ್ಬೇಡಿ. ಅಕಸ್ಮಾತ್ ಬಿದ್ದೇ ಬಿಟ್ರೆ ಮಾತ್ರ ವಸಡಿಗೆ ಒಂಚೂರು ಜೇನು ಸವರಿ, ಬಾಯೊಳಗೆ ಸುರೀಬೇಡಿ ನೆತ್ತಿಗೇರುತ್ತೆ, ಹಂಗೇ ಡಾಕ್ಟರ್ ಹತ್ರ ಓಡಿ. ಫೆರೆಟ್ ನೋಡಿ ಗೊತ್ತಿರೋ ಡಾಕ್ಟರ್ ಆಗಿರ್ಲಿ.

ನಿದ್ದೆಗಣ್ಣ:
ಅಯ್ಯೋ ಹೌದಲ್ಲ, ಆ ಸಾಲು ನಾನು ಓದ್ಲೇ ಇಲ್ಲ. ಸಾರಿ.

ಲೀಡ್ಸ್_ಮುಂಗುಸಿ:
ಮೇಡಂ ಹೇಳಿದ್ದು ಸರಿ ಆಯ್ತು. ಇಬ್ಬರನ್ನೂ ಕರ್ಕೊಂಡ್ ಹೋದ್ವಿ, ಗುಂಡನ ಸಕ್ಕರೆ ಇಲ್ಲಿನ ಲೆಕ್ಕದಲ್ಲಿ (mmol/L) 2.8 ಬಂತು, ನಮ್ಮೂರ ಲೆಕ್ಕದಲ್ಲಿ (mg/dL) ಹತ್ತತ್ರ 50. ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಔಷಧಿ ಶುರು ಮಾಡಿದಾರೆ, ಆಪರೇಷನ್ ಬಗ್ಗೆ ಸ್ಕ್ಯಾನ್ ಆದ್ಮೇಲೆ ಮಾತಾಡೋಣ ಅಂದ್ರು. ಒಂದು ವರ್ಷದಿಂದ ಪ್ರೀತಿಯಿಂದ ದ್ರಾಕ್ಷಿ ತಿನ್ನಿಸಿದ್ದು ನೆನೆಸ್ಕೊಂಡ್ರೆ ಹೊಟ್ಟೆ ಕಿವುಚುತ್ತೆ. ಚಿನ್ನು ಆರೋಗ್ಯ ಫಸ್ಟ್ ಕ್ಲಾಸ್ ಅಂತೆ, ತೂಕದ ಮೇಲಿಟ್ಟಾಗ್ಲೂ ಎಚ್ಚರ ಆಗ್ಲಿಲ್ಲ. ಒಂದೇ ತೊಂದ್ರೆ, ಔಷಧಿ ಕಹಿ, ಗುಂಡ ಉಗೀತಿದಾನೆ. ಏನ್ ಮಾಡ್ಲಿ?

ಮೂರು_ಫೆರೆಟ್_ಅಮ್ಮ:
ಬೇಯ್ಸಿ ಅರೆದ ಚಿಕನ್ನಲ್ಲಿ ಕಲ್ಸಿ, ಮೇಲೆ ಸಾಲ್ಮನ್ ಎಣ್ಣೆ ಎರಡು ತೊಟ್ಟು. ಜೇನಲ್ಲಿ ಮಾತ್ರ ಕಲಸ್ಬೇಡಿ!